ಚಿತ್ರಕಾರ್ಡಿನ ಅಂಚಿನಲ್ಲಿ ಉಳಿದ ರೀಮ್ಸ್

ಒಂದೇ ಜಾಗದ ಎರಡು ಹಳೆಯ ಪೋಸ್ಟ್‌ಕಾರ್ಡುಗಳು. ಮೊದಲನೆಯದರಲ್ಲಿ ಕೆಥೆಡ್ರಲಿನ ಬಾಗಿಲ ಪಕ್ಕ ನಿಂತ ಕಲ್ಲಿನ ದೇವದೂತ ತಲೆಯನ್ನು ತುಸು ವಾಲಿಸಿ ನಗುತ್ತಿದ್ದಾನೆ. ಎರಡನೆಯದರಲ್ಲಿ ಅದೇ ದೇವದೂತನಿಗೆ ತಲೆಯೇ ಇಲ್ಲ. ಎರಡು ಚಿತ್ರಗಳ ನಡುವೆ ಇರುವುದು 1914ರ ಸೆಪ್ಟೆಂಬರ್ 19ರ ಮಧ್ಯಾಹ್ನ.

ಊರು ರೀಮ್ಸ್. ಫ್ರೆಂಚರ ಬಾಯಲ್ಲಿ ಅದು ‘ರ್‍ಯಾನ್ಸ್’. ಪ್ಯಾರಿಸ್‌ನ ಈಶಾನ್ಯಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿರುವ ಈ ಊರು ಷಾಂಪೇನ್ ಮದ್ಯಕ್ಕೆ ಹೆಸರುವಾಸಿ. ಆದರೆ ಚರಿತ್ರೆಯಲ್ಲಿ ಇದರ ಮಹತ್ವ ಬೇರೆಯೇ. ಫ್ರಾನ್ಸಿನ ರಾಜರಿಗೆ ಪಟ್ಟಾಭಿಷೇಕ ನಡೆಯುತ್ತಿದ್ದುದು ಇಲ್ಲಿನ ಕೆಥೆಡ್ರಲಿನಲ್ಲಿ. 1429ರಲ್ಲಿ ಜೋನ್ ಆಫ್ ಆರ್ಕ್ ಏಳನೇ ಚಾರ್ಲ್ಸ್‌ನನ್ನು ಕರೆತಂದು ಪಟ್ಟಾಭಿಷೇಕ ಮಾಡಿಸಿದ್ದು ಇಲ್ಲೇ. ಕೊನೆಯ ಪಟ್ಟಾಭಿಷೇಕ ನಡೆದದ್ದು 1825ರಲ್ಲಿ.

ಇಂಥ ಊರು ಚಿತ್ರಕಾರ್ಡಿನ ವ್ಯಾಪಾರಿಗಳ ಕಣ್ಣಿಗೆ ಬೀಳದಿದ್ದೀತೇ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಗೆ ಕಾರ್ಡುಗಳ ಹುಚ್ಚೇ ಹಿಡಿದಿತ್ತು. 1903ರ ಕೊನೆಯವರೆಗೆ ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲು. ಕ್ಷೇಮ ಸಮಾಚಾರವನ್ನೆಲ್ಲ ಚಿತ್ರದ ಸುತ್ತಲೇ ಗೀಚಬೇಕಿತ್ತು. ಹೀಗಾಗಿ ಕೆಥೆಡ್ರಲಿನ ಗೋಪುರದ ಮೇಲೆ, ಆಕಾಶದ ತುಂಬ ಮಸಿಯ ಬರಹವಿರುವ ಕಾರ್ಡು ಅದಕ್ಕಿಂತ ಹಳೆಯದಿರಬಹುದು ಎಂದು ಊಹಿಸಬಹುದು. ಇನ್ನೊಂದು ಗುರುತೂ ಉಂಟು. ದುರಸ್ತಿಗೆಂದು ಉತ್ತರದ ಗೋಪುರಕ್ಕೆ ಮರದ ಸಾರುವೆ ಕಟ್ಟಿದ್ದು 1913ರಲ್ಲಿ. ಚಿತ್ರದಲ್ಲಿ ಆ ಸಾರುವೆ ಕಂಡರೆ ಅದು ಯುದ್ಧದ ಹೊಸ್ತಿಲಿನ ರೀಮ್ಸ್.

ಆ ಸಾರುವೆಯೇ ಮುಳುವಾಯಿತು. ಮೊದಲ ಮಹಾಯುದ್ಧದ ಆರಂಭದಲ್ಲಿ ಊರನ್ನು ಹಿಡಿದಿದ್ದ ಜರ್ಮನ್ ಸೇನೆ ಕೆಲವೇ ದಿನಗಳಲ್ಲಿ ಹಿಂದೆ ಸರಿದು, ಸುತ್ತಲಿನ ದಿಬ್ಬಗಳಿಂದ ಗುಂಡು ಸುರಿಸತೊಡಗಿತು. ಸಾರುವೆಗೆ ಬೆಂಕಿ ತಗುಲಿತು, ಚಾವಣಿಯ ಸೀಸ ಕರಗಿ ಹರಿಯಿತು. ಗಾಯಾಳುಗಳಿಗೆಂದು ಒಳಗೆ ಹಾಸಿದ್ದ ಹುಲ್ಲೂ ಹೊತ್ತಿಕೊಂಡಿತು. ಆ ಗಾಯಾಳುಗಳು ಜರ್ಮನ್ ಸೈನಿಕರೇ! ಉರಿಯುತ್ತ ಬಿದ್ದ ತೊಲೆಯ ಏಟಿಗೆ ದೇವದೂತನ ತಲೆ ಕೆಳಗುರುಳಿ ಚೂರಾಯಿತು.

ಕಾರ್ಡು ಮಾರುವವರು ಮಾತ್ರ ಸುಮ್ಮನೆ ಕೂರಲಿಲ್ಲ. ಹೊತ್ತಿ ಉರಿಯುವ ಕೆಥೆಡ್ರಲಿನ ಕಾರ್ಡುಗಳು ಹೊರಬಂದವು. ಅವುಗಳಲ್ಲಿ ಕೆಲವನ್ನು ನಂಬುವಂತಿಲ್ಲ; ಹಳೆಯ ಫೋಟೋದ ಮೇಲೆ ಹೊಗೆ, ಜ್ವಾಲೆಗಳನ್ನು ಕೈಯಿಂದ ಬರೆದು ಅಚ್ಚು ಹಾಕಿದವು ಅವು. ತಲೆಯಿಲ್ಲದ ದೇವದೂತ ಶತ್ರುವಿನ ಅನಾಗರಿಕತೆಗೆ ಸಾಕ್ಷಿಯಾಗಿ ಊರೂರು ಸುತ್ತಿದ. ‘ರೀಮ್ಸ್‌ನ ಮುಗುಳ್ನಗೆ’ ಜಗತ್ತಿಗೆಲ್ಲ ಪರಿಚಯವಾದದ್ದು ಆ ನಗೆ ಒಡೆದುಹೋದ ಮೇಲೆ.

ಯುದ್ಧಕಾಲದ ಕಾರ್ಡುಗಳಲ್ಲಿ ಹೆಚ್ಚು ಮನ ಕಲಕುವುದು ಅವಶೇಷಗಳ ಚಿತ್ರಗಳಲ್ಲ, ನೆಲದಡಿಯ ಶಾಲೆಗಳದ್ದು. ಗುಂಡಿನ ಮಳೆಗೆ ಹೆದರಿ ಜನ ಷಾಂಪೇನ್ ಕಂಪನಿಗಳ ಸುಣ್ಣಕಲ್ಲಿನ ನೆಲಮಾಳಿಗೆಗಳಲ್ಲಿ ವಾಸಕ್ಕಿಳಿದಿದ್ದರು. 1914ರ ಡಿಸೆಂಬರ್‌ನಲ್ಲಿ ಅಲ್ಲೇ ತರಗತಿಗಳೂ ಶುರುವಾದವು. ಬಾಟಲಿಗಳಿದ್ದ ಜಾಗದಲ್ಲಿ ಮಕ್ಕಳು ಬೆಂಚುಗಳ ಮೇಲೆ ಕುಳಿತು ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಊರಿನವರ ಧೈರ್ಯ ತೋರಿಸುವ ಇಂಥ ಚಿತ್ರಗಳಿಗೆ ಸೆನ್ಸಾರ್ ಅಡ್ಡಿಪಡಿಸುತ್ತಿರಲಿಲ್ಲ. ಭಯ ಅಲ್ಲಿ ಕಾಣುವುದಿಲ್ಲ, ಕಾಣುವುದೂ ಬೇಕಿರಲಿಲ್ಲ. 1918ರ ಮಾರ್ಚ್‌ನಲ್ಲಿ ಉಳಿದಿದ್ದ ನಾಗರಿಕರನ್ನೂ ಊರು ಬಿಡಿಸಬೇಕಾಯಿತು.

ಯುದ್ಧ ಮುಗಿದಾಗ ಊರಿನ ಬಹುಪಾಲು ಕಲ್ಲುರಾಶಿ. ಆಗ ಅವಶೇಷ ನೋಡಲೆಂದೇ ಪ್ರವಾಸಿಗರು ಬಂದರು, ‘ಮೊದಲು-ಆಮೇಲೆ’ ಎಂಬ ಜೋಡಿ ಕಾರ್ಡುಗಳನ್ನು ಕೊಂಡರು.

ಕೆಥೆಡ್ರಲ್ ಮಾತ್ರ ಮರಳಿ ಎದ್ದಿತು. ಆಯ್ದಿಟ್ಟಿದ್ದ ತಲೆಯ ಚೂರುಗಳು, ಪ್ಯಾರಿಸ್‌ನ ಸಂಗ್ರಹಾಲಯದಲ್ಲಿದ್ದ ಹಳೆಯ ಅಚ್ಚು, ಇವೆರಡರ ನೆರವಿನಿಂದ 1926ರಲ್ಲಿ ದೇವದೂತ ಮತ್ತೆ ನಕ್ಕ. ಅಮೆರಿಕದ ರಾಕ್‌ಫೆಲ್ಲರ್ ಹಣ ಕೊಟ್ಟರು. ವಾಸ್ತುಶಿಲ್ಪಿ ಆನ್ರಿ ದೆನೊ ಸುಟ್ಟ ಮರದ ಚಾವಣಿಯ ಬದಲು ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಹೊಸ ಚೌಕಟ್ಟು ನಿಲ್ಲಿಸಿದರು. 1938ರಲ್ಲಿ ಕೆಥೆಡ್ರಲ್ ಮತ್ತೆ ತೆರೆಯಿತು.

ಸುತ್ತಲಿನ ಮನೆಗಳಿಗೆ ರಾಕ್‌ಫೆಲ್ಲರ್ ಎಲ್ಲಿಂದ ಬರಬೇಕು? ಅವುಗಳ ಅಚ್ಚನ್ನು ಯಾರೂ ತೆಗೆದಿಟ್ಟಿರಲಿಲ್ಲ. ಹಲವೆಡೆ 1920ರ ದಶಕದ ಹೊಸ ಶೈಲಿಯ ಕಟ್ಟಡಗಳು ಬಂದವು. ಲಿಬರ್ಜಿಯೆ ಬೀದಿಯ ತುದಿಯಲ್ಲಿ ನಿಂತವರಿಗೆ ಕೆಥೆಡ್ರಲ್ ಇಂದಿಗೂ ಹಳೆಯ ಕಾರ್ಡಿನಲ್ಲಿದ್ದಂತೆಯೇ ಕಾಣುತ್ತದೆ. ಆದರೆ ಆ ಕಾಲದ ಎಷ್ಟೋ ಬೀದಿಗಳ ಅಂಗಡಿ ಫಲಕ, ಬಾಗಿಲಲ್ಲಿ ನಿಂತ ಗಾಡಿ, ಕಿಟಕಿಯ ಪರದೆ ಈಗ ಕಾರ್ಡಿನ ಅಂಚಿನಲ್ಲಷ್ಟೇ ಇವೆ. ಫೋಟೋ ತೆಗೆದವನಿಗೆ ಅವು ಬೇಕಾಗಿಯೂ ಇರಲಿಲ್ಲ.

ತಾಂಬೂರ್ ಬೀದಿಯಲ್ಲೊಂದು ಹದಿಮೂರನೇ ಶತಮಾನದ ಮನೆ ಇತ್ತು. ಅದರ ಮುಖಗೋಡೆಯಲ್ಲಿ ಕುಳಿತು ವಾದ್ಯ ನುಡಿಸುವ ಕಲ್ಲಿನ ಸಂಗೀತಗಾರರಿದ್ದರು. ವಿಗ್ರಹಗಳನ್ನು ಸಕಾಲದಲ್ಲಿ ಇಳಿಸಿ ಉಳಿಸಲಾಯಿತು. ಅವು ಇಂದು ಊರಿನ ಸೇಂಟ್ ರೆಮಿ ಸಂಗ್ರಹಾಲಯದಲ್ಲಿವೆ. ಮನೆ 1918ರಲ್ಲಿ ಗುಂಡಿಗೆ ಬಿತ್ತು. ಅವರು ಆ ಮನೆಯ ಗೋಡೆಯಲ್ಲಿ, ಬೀದಿಯ ಗದ್ದಲದ ಮೇಲೆ ಸಾಲಾಗಿ ಕುಳಿತಿದ್ದುದನ್ನು ನೋಡಬೇಕೆಂದರೆ ಹಳೆಯ ಕಾರ್ಡನ್ನೇ ಹುಡುಕಬೇಕು.