ಜಾಫ್ನಾದ ಓಣಿಗಳಿಂದ ಮರಳಿದವರ ಮಾತು ಕೇಳೋಣ

ಸಿಂಹಾಚಲಂ: ಬೆಟ್ಟ ಹತ್ತಿ ವರಾಹ ಲಕ್ಷ್ಮೀನರಸಿಂಹ ಸ್ವಾಮಿಯ ದರ್ಶನ ಪಡೆದ ಕನ್ನಡಿಗರು ಸಂಜೆಗೆ ವಿಶಾಖಪಟ್ಟಣದ ಕಡಲ ದಂಡೆಗೆ ಹೋಗುವುದು ವಾಡಿಕೆ. ಅಲ್ಲಿ 1971ರ ಯುದ್ಧದ ವಿಜಯ ಸ್ಮಾರಕವಿದೆ, ಕುರುಸುರ ಜಲಾಂತರ್ಗಾಮಿ ಮ್ಯೂಸಿಯಂ ಇದೆ. ಮಕ್ಕಳಿಗೆ ತೋರಿಸಿ, ಫೋಟೊ ತೆಗೆಸಿಕೊಂಡು ಮನೆಗೆ ಮರಳುತ್ತಾರೆ. ಇದೇ ಕಡಲಿಗೆ ಸಂಬಂಧಿಸಿದ ಇನ್ನೊಂದು ಯುದ್ಧದ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅದು 1987ರ ಜಾಫ್ನಾ ಯುದ್ಧ.

ಆ ವರ್ಷ ಜುಲೈ 29ರಂದು ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಶಾಂತಿ ಪಾಲನೆಗೆಂದು ಮೊದಲು ಹೋದದ್ದು ಅಂದಿನ ಆಂಧ್ರ ಪ್ರದೇಶದ ಸಿಕಂದರಾಬಾದಿನಲ್ಲಿ ನೆಲೆ ಹೊಂದಿದ್ದ 54ನೇ ಪದಾತಿ ಡಿವಿಷನ್. ಕಡಲ ಕಾವಲಿನ ಹೊಣೆ ವಿಶಾಖಪಟ್ಟಣದಲ್ಲಿ ಕೇಂದ್ರವಿರುವ ಪೂರ್ವ ನೌಕಾ ಕಮಾಂಡ್ ಮೇಲೆ ಬಿತ್ತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಜವಾನರೂ, ಮದ್ರಾಸ್ ರೆಜಿಮೆಂಟಿನವರೂ ಅಲ್ಲಿದ್ದರು. ಎರಡೂವರೆ ತಿಂಗಳೊಳಗೆ ಶಾಂತಿ ಮುರಿಯಿತು. ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ವಿರುದ್ಧ ಜಾಫ್ನಾ ಪಟ್ಟಣದೊಳಗೇ ಕಾದಾಟ ಆರಂಭವಾಯಿತು.

ವಿಶ್ವವಿದ್ಯಾಲಯದ ಆ ರಾತ್ರಿ

ಅಕ್ಟೋಬರ್ 11ರ ರಾತ್ರಿ. ಎಲ್‌ಟಿಟಿಇ ನಾಯಕರನ್ನು ಹಿಡಿಯಲೆಂದು ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಇಳಿಸಲಾಯಿತು. ಕೆಳಗಿದ್ದವರಿಗೆ ಸುದ್ದಿ ಮೊದಲೇ ಗೊತ್ತಾಗಿತ್ತು. 10 ಪ್ಯಾರಾ ಕಮಾಂಡೊ ಪಡೆಯ ಸುಮಾರು 100 ಮಂದಿ ಇಳಿದರು. 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿ ಮಾತ್ರ ಇಳಿಯಲು ಸಾಧ್ಯವಾಯಿತು. ಗುಂಡೇಟಿಗೆ ಹೆಲಿಕಾಪ್ಟರ್‌ಗಳು ಜಖಂಗೊಂಡು ಉಳಿದವರು ಬರಲಾಗಲಿಲ್ಲ. ಆ 30 ಮಂದಿಯಲ್ಲಿ 29 ಮಂದಿ ಅಲ್ಲೇ ಪ್ರಾಣ ಬಿಟ್ಟರು. ಬದುಕಿ ಸೆರೆ ಸಿಕ್ಕವರು ಸಿಪಾಯಿ ಗೋರಾ ಸಿಂಗ್ ಒಬ್ಬರೇ. ಅವರು ಬದುಕಿ ಬಾರದಿದ್ದರೆ ಆ ತುಕಡಿಯ ಕೊನೆಯ ಗಂಟೆಗಳನ್ನು ಕಂಡು ಹೇಳುವವರೇ ನಮ್ಮ ಕಡೆ ಇರುತ್ತಿರಲಿಲ್ಲ.

ಮನೆಗಳ ನಡುವೆ ಸಿಕ್ಕಿಕೊಂಡ ಕಮಾಂಡೊಗಳನ್ನು ಬಿಡಿಸಿ ತರಲು ಟ್ಯಾಂಕ್‌ಗಳು ಹೊರಟವು. ರಸ್ತೆ ತುಂಬ ನೆಲಬಾಂಬುಗಳಿದ್ದುದರಿಂದ ಅವು ರೈಲು ಹಳಿಯ ದಾರಿ ಹಿಡಿದವು. ಟ್ಯಾಂಕ್ ತುಕಡಿಯ ಮೇಜರ್ ಅನಿಲ್ ಕೌಲ್ ಈ ಕಾರ್ಯಾಚರಣೆಯಲ್ಲಿ ಒಂದು ಕಣ್ಣು ಕಳೆದುಕೊಂಡರು. ವೀರಚಕ್ರ ಪಡೆದ ಅವರು ಮುಂದೆ ತಮ್ಮ ಅನುಭವವನ್ನು ತಾವೇ ಪುಸ್ತಕವಾಗಿ ಬರೆದರು.

ಗುಂಡು ಹಾರಿಸುವುದೋ, ಬಿಡುವುದೋ?

ಮರಳಿ ಬಂದವರ ಮಾತುಗಳಲ್ಲಿ ಕೆಲವು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ. ಸರಿಯಾದ ನಕ್ಷೆ ಇರಲಿಲ್ಲ. ಎದುರಾಳಿಯ ಕೈಯಲ್ಲಿ ಹಗುರವಾದ ಎ.ಕೆ.47, ನಮ್ಮವರ ಕೈಯಲ್ಲಿ ಉದ್ದನೆಯ, ಭಾರದ ಎಸ್‌ಎಲ್‌ಆರ್. ಗುಂಡು ಬಂದದ್ದು ಯಾವ ಕಿಟಕಿಯಿಂದ, ಯಾವ ತಾಳೆ ಮರದಿಂದ ಎಂದು ತಿಳಿಯುತ್ತಿರಲಿಲ್ಲ. ಲುಂಗಿ ಉಟ್ಟು ಎದುರು ಬಂದವನು ಮೇಷ್ಟ್ರೋ, ಹೋರಾಟಗಾರನೋ ಎಂದು ಕ್ಷಣದಲ್ಲಿ ನಿರ್ಧರಿಸಬೇಕಿತ್ತು. ಬಯಲಿನ ಯುದ್ಧದಲ್ಲಿ ಶತ್ರು ಎದುರಿಗೆ ಇರುತ್ತಾನೆ. ಊರೊಳಗಿನ ಯುದ್ಧದಲ್ಲಿ ಶತ್ರುವೂ ಹಸುಗೂಸೂ ಒಂದೇ ಗೋಡೆಯ ಹಿಂದೆ ಇರಬಹುದು.

ಆ ಗೋಡೆಯ ಹಿಂದಿದ್ದವರ ಸಾಕ್ಷಿಯೂ ಉಳಿದಿದೆ. ಅಕ್ಟೋಬರ್ 21 ಮತ್ತು 22ರಂದು ಜಾಫ್ನಾ ಆಸ್ಪತ್ರೆಯೊಳಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಮಂದಿ ಭಾರತೀಯ ಸೈನಿಕರ ಗುಂಡಿಗೆ ಬಲಿಯಾದರು. ಆಸ್ಪತ್ರೆಯ ಕಡೆಯಿಂದ ಮೊದಲು ಗುಂಡು ಬಂತೆಂದು ಸೇನೆ ಹೇಳಿತು. ವೈದ್ಯಕೀಯ ಶಿಕ್ಷಕಿ ರಜನಿ ತಿರಣಗಾಮ ಮತ್ತು ಸಂಗಡಿಗರು ಎಲ್ಲ ಕಡೆಯವರ ತಪ್ಪನ್ನೂ ದಾಖಲಿಸಿದರು. 1989ರ ಸೆಪ್ಟೆಂಬರ್ 21ರಂದು ರಜನಿಯವರೂ ಜಾಫ್ನಾದಲ್ಲೇ ಹತ್ಯೆಯಾದರು. ನಮ್ಮ ಜವಾನರ ಕಥೆ ಕೇಳುವವರು ಇದನ್ನೂ ಕೇಳಿಸಿಕೊಳ್ಳಬೇಕು.

54ನೇ ಡಿವಿಷನ್ನಿನ ನೇತೃತ್ವವನ್ನು ನಂತರ ವಹಿಸಿಕೊಂಡವರು ಎಸ್.ಸಿ. ಸರದೇಶಪಾಂಡೆ. ಧಾರವಾಡ, ಬೆಳಗಾವಿ ಕಡೆಯವರಿಗೆ ಈ ಮನೆತನದ ಹೆಸರು ಕೇಳಿದೊಡನೆ ನಮ್ಮವರೆನಿಸುತ್ತದೆ. ಅವರ ಜಾಫ್ನಾ ಅನುಭವದ ಪುಸ್ತಕ 1992ರಲ್ಲಿ ಹೊರಬಂತು. ಮೊದಲು ಡಿವಿಷನ್ ನಡೆಸಿದ್ದ ಹರ್‌ಕಿರತ್ ಸಿಂಗ್ ಅವರೂ ಬರೆದಿದ್ದಾರೆ. ಎಲ್ಲವೂ ಇಂಗ್ಲಿಷಿನಲ್ಲಿ, ಬಹುತೇಕ ಅಧಿಕಾರಿಗಳ ಕೈಯಿಂದ. ಓಣಿಯಲ್ಲಿ ಮುಂದೆ ನಡೆದ ಸಿಪಾಯಿಯ ಮಾತು ಬರಹಕ್ಕಿಳಿದದ್ದು ಕಡಿಮೆ.

ನಮ್ಮ ಊರಿಗೂ ಬಂತು

ಇಂಥ ಕಾದಾಟಕ್ಕೆ ಪರದೇಶವೇ ಆಗಬೇಕೆಂದಿಲ್ಲ. 2008ರ ನವೆಂಬರ್ 26ರ ರಾತ್ರಿ ಅದು ಮುಂಬಯಿಯ ತಾಜ್ ಹೋಟೆಲಿಗೆ ಬಂತು. ಮೊದಲು ಒಳಹೊಕ್ಕವರಲ್ಲಿ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಇದ್ದರು. ಅವರಲ್ಲಿ ಒಬ್ಬರಾದ ಪ್ರವೀಣ್ ಕುಮಾರ್ ತೆವಟಿಯಾ ಕತ್ತಲ ಕೋಣೆಯಲ್ಲಿ ಗುಂಡೇಟು ತಿಂದು, ಶ್ವಾಸಕೋಶಕ್ಕೆ ಪೆಟ್ಟಾದರೂ ಬದುಕಿ, ಆ ರಾತ್ರಿಯ ಕಥೆಯನ್ನು ತಾವೇ ಹೇಳಿದರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಕಥೆಯನ್ನು ಸಂಗಡಿಗರೇ ಹೇಳಬೇಕಾಯಿತು. ಗಾಯಗೊಂಡ ಜೊತೆಗಾರನನ್ನು ಹೊರಗೆ ಕಳಿಸಿ, ಒಬ್ಬರೇ ಮುಂದೆ ಹೋದ ಅವರು ನವೆಂಬರ್ 28ರಂದು ಹುತಾತ್ಮರಾದರು. 2016ರಲ್ಲಿ ಮಾರ್ಕೋಸ್ ಪಡೆಗೆಂದೇ ಐಎನ್‌ಎಸ್ ಕರ್ಣ ನೆಲೆ ಆರಂಭವಾದದ್ದು ವಿಶಾಖಪಟ್ಟಣದ ಪಕ್ಕದ ಭೀಮುನಿಪಟ್ಟಣದಲ್ಲಿ.

ಶಾಲಿನ ಜೊತೆ ಅರ್ಧ ಗಂಟೆ

ಕೊನೆಯ ತುಕಡಿ ಶ್ರೀಲಂಕಾ ಬಿಟ್ಟದ್ದು 1990ರ ಮಾರ್ಚ್ 24ರಂದು. ಅಷ್ಟರಲ್ಲಿ 1,100ಕ್ಕೂ ಹೆಚ್ಚು ಭಾರತೀಯ ಸೈನಿಕರು ಮಡಿದಿದ್ದರು. ಮದ್ರಾಸಿನಲ್ಲಿ ಇಳಿದವರ ಸ್ವಾಗತಕ್ಕೆ ಅಂದಿನ ತಮಿಳುನಾಡು ಮುಖ್ಯಮಂತ್ರಿ ಬರಲಿಲ್ಲ. ಯಾರ ಮೆಚ್ಚುಗೆಯೂ ಸಿಗದ ಯುದ್ಧದಿಂದ ಬಂದವರು ಬಾಯಿ ಬಿಡದೆ ಉಳಿದರೆ ಆಶ್ಚರ್ಯವೇನು?

1987ರಲ್ಲಿ 20 ವರ್ಷದವರಾಗಿದ್ದ ಜವಾನರು ಈಗ 60ರ ಆಸುಪಾಸಿನಲ್ಲಿದ್ದಾರೆ. ಬ್ಯಾಂಕು, ಬಂದರು, ಕಾರ್ಖಾನೆಗಳ ಸೆಕ್ಯುರಿಟಿ ಕೆಲಸದಲ್ಲಿ ನಿವೃತ್ತ ಸೈನಿಕರನ್ನು ದಿನವೂ ಕಾಣುತ್ತೇವೆ, ನಮಸ್ಕಾರ ಹೇಳಿ ಮುಂದೆ ಹೋಗುತ್ತೇವೆ. ವಿಶಾಖಪಟ್ಟಣವಿರಲಿ, ವಿಜಯವಾಡವಿರಲಿ, ರಾಜ್ಯೋತ್ಸವದಂದು ಮಾಜಿ ಸೈನಿಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುವುದು ಒಳ್ಳೆಯ ಪದ್ಧತಿ. ಅದರ ಜೊತೆ ಅರ್ಧ ಗಂಟೆ ಮೈಕನ್ನೂ ಕೊಡಬಹುದು. ವೇದಿಕೆ ಬೇಡವೆಂದರೆ ಮನೆಗೇ ಹೋಗಿ ಕುಳಿತು ಕೇಳಬಹುದು, ಒಪ್ಪಿದರೆ ಕನ್ನಡದಲ್ಲೇ ಬರೆದಿಡಬಹುದು. ಎಷ್ಟು ಜನರನ್ನು ಕೊಂದಿರಿ ಎಂಬ ಪ್ರಶ್ನೆ ಮಾತ್ರ ಬೇಡ. ಜೊತೆಗಿದ್ದವರು ಯಾರು, ಯಾವ ಊರಿನವರು ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ.