ಬೆರಳಗಲದ ಗಾಯದಲ್ಲಿ ಸಿಲುಕುವ ಕರುಳು

ಕುಟುಂಬ ಯೋಜನೆಯ ಶಿಬಿರಗಳಿಂದಾಗಿ ಕನ್ನಡಿಗರಿಗೆ ಪರಿಚಿತವಾದ ಉದರದರ್ಶಕ ಶಸ್ತ್ರಚಿಕಿತ್ಸೆ, ಅಂದರೆ ಲ್ಯಾಪರೊಸ್ಕೋಪಿ, ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಅದನ್ನು ಅನಿಲದಿಂದ ಉಬ್ಬಿಸಿ, ಟ್ರೋಕಾರ್ ಎಂಬ ಕೊಳವೆಗಳನ್ನು ಚುಚ್ಚಿ, ಅವುಗಳ ಮೂಲಕ ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಗಿಳಿಸುವ ವಿಧಾನವಾಗಿದೆ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಪಿತ್ತಕೋಶವನ್ನು ಹೀಗೆ ಹೊರತೆಗೆದ ಬಳಿಕ ಕೆಲವೇ ವರ್ಷಗಳಲ್ಲಿ ಇದು ಜಗತ್ತಿನೆಲ್ಲೆಡೆ ರೂಢಿಗೆ ಬಂದಿತು. ನೋವು ಕಡಿಮೆ, ಕಲೆ ಚಿಕ್ಕದು, ಆಸ್ಪತ್ರೆವಾಸ ಅಲ್ಪ ಎಂಬುದೆಲ್ಲ ನಿಜವೇ ಆದರೂ, ಚರ್ಮದ ಮೇಲಿನ ಕಲೆ ಚಿಕ್ಕದೆಂಬ ಕಾರಣಕ್ಕೆ ಒಳಗಿನ ಗಾಯವನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಹೊಟ್ಟೆಯ ಗೋಡೆಗೆ ಬಲ ಕೊಡುವುದು ಚರ್ಮವಲ್ಲ, ಅದರಡಿಯ ಕೊಬ್ಬನ್ನೂ ದಾಟಿ ಸ್ನಾಯುಗಳನ್ನು ಆವರಿಸಿರುವ ಬಿಳಿಯ ಗಟ್ಟಿ ಪೊರೆ. ಟ್ರೋಕಾರ್ ಹೊಕ್ಕ ಜಾಗದಲ್ಲಿ ಈ ಪೊರೆ ಕೂಡಿಕೊಳ್ಳದಿದ್ದರೆ ಕರುಳೋ ಅದರ ಮೇಲಿನ ಕೊಬ್ಬಿನ ಹೊದಿಕೆಯೋ ಆ ಕಿಂಡಿಯಲ್ಲಿ ನುಸುಳುತ್ತದೆ. ಇದೇ ಟ್ರೋಕಾರ್ ಜಾಗದ ಹರ್ನಿಯಾ. 5 ಮಿಲಿಮೀಟರಿನ ರಂಧ್ರದಲ್ಲಿ ಇದು ಬಲು ಅಪರೂಪ. 10 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲವಾದ ರಂಧ್ರಗಳಲ್ಲಿ, ಅದರಲ್ಲೂ ಪಿತ್ತಕೋಶವನ್ನು ಹೊರಗೆಳೆಯಲು ಹಿಗ್ಗಿಸಿದ ಹೊಕ್ಕುಳಿನ ಬಳಿಯ ರಂಧ್ರದಲ್ಲಿ, ಸಾಧ್ಯತೆ ಹೆಚ್ಚು. ಆದ್ದರಿಂದಲೇ ದೊಡ್ಡ ರಂಧ್ರಗಳ ಪೊರೆಗೆ ಪ್ರತ್ಯೇಕ ಹೊಲಿಗೆ ಹಾಕುವುದು ವಾಡಿಕೆ. ಸ್ಥೂಲಕಾಯರಲ್ಲಿ ಆ ಪೊರೆ ಕೊಬ್ಬಿನಡಿ ಎಷ್ಟು ಆಳದಲ್ಲಿರುತ್ತದೆಂದರೆ, ಬೆರಳಗಲದ ಗಾಯದೊಳಗೆ ಸೂಜಿಯನ್ನು ತಿರುಗಿಸಿ ಅದರ ಎರಡೂ ಅಂಚುಗಳನ್ನು ಹಿಡಿಯುವುದೇ ಪ್ರಯಾಸದ ಕೆಲಸ.

ಟ್ರೋಕಾರ್ ಜಾಗದ ಹರ್ನಿಯಾಗಳಲ್ಲಿ ಅತ್ಯಂತ ಕಪಟಿಯಾದದ್ದು ಹದಿನೆಂಟನೆಯ ಶತಮಾನದ ಜರ್ಮನ್ ಶಸ್ತ್ರವೈದ್ಯ ಆಗಸ್ಟ್ ಗಾಟ್ಲೀಬ್ ರಿಕ್ಟರ್ ಹೆಸರಿನ ಹರ್ನಿಯಾ. ಇದರಲ್ಲಿ ಕರುಳಿನ ಇಡೀ ಸುತ್ತು ಸಿಲುಕದೆ, ಗೋಡೆಯ ಒಂದು ಪಾರ್ಶ್ವ ಮಾತ್ರ ಕಿಂಡಿಯಲ್ಲಿ ಚಿವುಟಿದಂತೆ ಸಿಕ್ಕಿಕೊಳ್ಳುತ್ತದೆ. ಉಳಿದ ದಾರಿ ತೆರೆದಿರುವುದರಿಂದ ಗಾಳಿಯೂ ಮಲವೂ ಹೋಗುತ್ತಲೇ ಇರಬಹುದು, ಹೊರಗೆ ಗಂಟೂ ಕಾಣದಿರಬಹುದು. ಆದರೆ ಸಿಲುಕಿದ ಭಾಗಕ್ಕೆ ರಕ್ತಸಂಚಾರ ನಿಂತು ಅದು ಕೊಳೆಯತೊಡಗುತ್ತದೆ. ಹೊಟ್ಟೆನೋವನ್ನೆಲ್ಲ ‘ಗ್ಯಾಸ್’ ಎಂದು ಕರೆದು ಸಮಾಧಾನಪಟ್ಟುಕೊಳ್ಳುವ ನಮ್ಮ ರೂಢಿ ಇಂತಹ ಸಂದರ್ಭದಲ್ಲಿ ದುಬಾರಿಯಾಗುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಪತ್ತೆಯಾಗುವ ಈ ತೊಂದರೆಗೆ ಬೇಗ ಮರುಶಸ್ತ್ರಚಿಕಿತ್ಸೆಯಾದರೆ ಕರುಳನ್ನು ಬಿಡಿಸಿ ಒಳಸೇರಿಸುವುದಷ್ಟೇ ಸಾಕಾಗಬಹುದು, ತಡವಾದರೆ ಕೊಳೆತ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ಲ್ಯಾಪರೊಸ್ಕೋಪಿಯಾದ ಮೊದಲ ಕೆಲವು ವಾರಗಳಲ್ಲಿ ರಂಧ್ರದ ಬಳಿ ನೋವು ಇಳಿಯುವ ಬದಲು ಏರುತ್ತಿದ್ದರೆ, ಜೊತೆಗೆ ವಾಂತಿಯಾಗುತ್ತಿದ್ದರೆ, ಮಲವಿಸರ್ಜನೆ ಸರಿಯಾಗಿದೆಯೆಂದು ಸುಮ್ಮನಿರದೆ ಅದೇ ದಿನ ಶಸ್ತ್ರವೈದ್ಯರನ್ನು ಕಾಣಬೇಕು.