ಕಾಡಿನ ದಾರಿ ಮಕ್ಕಳಿಗೂ ತಿಳಿದಿರಲಿ

ನಾಲ್ಕು ವರ್ಷಗಳ ಹಿಂದಿನ ಆಷಾಢದ ಮಾತು. ಅಬ್ಬಿಯಿಂದ ಮನೆಗೆ ಬರುವ ನೀರು ನಿಂತಿತ್ತು. ಪೈಪಿನ ಬಾಯಿಗೆ ಕಸ ಕಟ್ಟಿರಬೇಕೆಂದು, ಕಾಲೇಜಿನಿಂದ ರಜೆಗೆ ಬಂದಿದ್ದ ನಮ್ಮ ಮಗ ಊಟ ಮುಗಿಸಿ ಗುಡ್ಡ ಹತ್ತಿದ. ಕಸ ತೆಗೆದನು, ನೀರೂ ಬಂತು. ಮಗ ಮಾತ್ರ ಬರಲಿಲ್ಲ. ಬೇಗ ಮನೆ ಸೇರೋಣವೆಂದು ಪೈಪಿನ ಸಾಲು ಬಿಟ್ಟು ಅಡ್ಡದಾರಿ ಹಿಡಿದಿದ್ದನಂತೆ. ಮಂಜು ಕವಿಯಿತು, ಮಳೆ ಹೊಯ್ಯಿತು. ಮೊಬೈಲ್ ಜೇಬಿನಲ್ಲೇ ಇತ್ತು, ಸಿಗ್ನಲ್ ಇರಲಿಲ್ಲ.

ರಾತ್ರಿಯೆಲ್ಲ ಹುಡುಕಿದೆವು. ಬೆಳಿಗ್ಗೆ ಅವನನ್ನು ಕಂಡುಹಿಡಿದವರು ನಮ್ಮ ತೋಟದಲ್ಲಿ ಮೂವತ್ತು ವರ್ಷ ಕೊನೆ ತೆಗೆದ ಹಿರಿಯರೊಬ್ಬರು. ಅವರು ನೇರ ಅಬ್ಬಿಯ ಬಳಿಗೆ ಹೋಗಿ, ಬಗ್ಗಿದ ಜರೀಗಿಡ, ಮಗುಚಿದ ತರಗೆಲೆ, ಜಾರಿದ ಹೆಜ್ಜೆ ನೋಡುತ್ತ ನಡೆದರು. ಐವತ್ತು ಮಾರಿಗೊಮ್ಮೆ ನಿಂತು ‘ಕೂ’ ಹಾಕಿ, ಉತ್ತರಕ್ಕೆ ಕಿವಿಗೊಟ್ಟರು. ಎರಡು ಹಳ್ಳ ದಾಟಿ, ಬಂಡೆಯ ಮರೆಯಲ್ಲಿ ಹುಡುಗ ನಡುಗುತ್ತ ಕುಳಿತಿದ್ದ.

“ಅಯ್ಯಾ, ಹುಡುಗ ದಾರಿ ತಪ್ಪಿದ್ದು ದೊಡ್ಡದಲ್ಲ. ತಪ್ಪಿತು ಅಂತ ಗೊತ್ತಾದ ಮೇಲೂ ನಡೆದನಲ್ಲ, ಅದು ತಪ್ಪು” ಎಂದರು ಆ ಅಜ್ಜ.

ಆ ಮಳೆಗಾಲ ಮುಗಿದ ಮೇಲೆ ಕೆಲವು ಭಾನುವಾರ ಊರಿನ ಮಕ್ಕಳನ್ನು ಅವರೊಂದಿಗೆ ಸೊಪ್ಪಿನ ಬೆಟ್ಟಕ್ಕೆ ಕಳುಹಿಸಿದೆವು. ಅವರ ಪಾಠದ ಕ್ರಮ ಸರಳವಾಗಿತ್ತು. ಹೋಗುವಾಗ ಅಜ್ಜ ಮುಂದೆ, ಬರುವಾಗ ಮಕ್ಕಳು ಮುಂದೆ. ಹೋಗುವಾಗ ಕಂಡ ದಾರಿ ಬರುವಾಗ ಬೇರೆಯಾಗಿಯೇ ಕಾಣುತ್ತದೆ. ಆದುದರಿಂದ ಆಗಾಗ ಹಿಂತಿರುಗಿ ನೋಡಿ ಮರ, ಬಂಡೆ, ಹಳ್ಳದ ತಿರುವುಗಳನ್ನು ಗುರುತಿಟ್ಟುಕೊಳ್ಳಬೇಕು. ಮಕ್ಕಳು ತಪ್ಪಿದರೂ ಅಜ್ಜ ಕೂಡಲೇ ತಿದ್ದುತ್ತಿರಲಿಲ್ಲ. ತಾವೇ ನಿಂತು, ಯೋಚಿಸಿ, ಹಿಂದಿನ ಗುರುತಿಗೆ ಮರಳಲಿ ಎಂದು ಬಿಡುತ್ತಿದ್ದರು.

ಅವರು ಕಲಿಸಿದ್ದರಲ್ಲಿ ಕೆಲವನ್ನು ಬೆಳೆಗಾರ ಬಂಧುಗಳ ಗಮನಕ್ಕೆ ತರುತ್ತೇನೆ.

ದಾರಿ ತಪ್ಪಿದರೆ ಅಲ್ಲಿಯೇ ನಿಲ್ಲಬೇಕು. ಕತ್ತಲಲ್ಲಿ ಹಳ್ಳ ಹಿಡಿದು ಇಳಿಯಬಾರದು; ನಮ್ಮ ಘಟ್ಟದ ಹಳ್ಳಗಳು ಎಲ್ಲಿ ಕಡಿದಾದ ಬಂಡೆಯಿಂದ ಧುಮುಕುತ್ತವೆಂದು ಹೇಳಲಾಗದು. ಒದ್ದೆ ನೆಲದ ಮೇಲೆ ಕೂರದೆ, ಸೊಪ್ಪು ಹಾಸಿಕೊಂಡು ಮಳೆಗಾಳಿಗೆ ಮರೆಯಾಗಿ ಕುಳಿತು, ಆಗಾಗ ಕೂ ಹಾಕುತ್ತಿರಬೇಕು.

ಮಳೆಗಾಲದಲ್ಲಿ ಬೆಂಕಿ ಹೊತ್ತಿಸಲು ಧೂಪದ ಮರದ ರಾಳ ಒಳ್ಳೆಯದು. ಬೇಸಿಗೆಯಲ್ಲಿ ಮಾತ್ರ ಕಾಡಿನಲ್ಲಿ ಕಡ್ಡಿ ಗೀರಲೇಬಾರದು.

ಹೊಲಗೇರು ಮರವನ್ನು ಪ್ರತಿ ಮಗುವೂ ಗುರುತಿಸಬೇಕು. ಅದರ ಸೊನೆ ತಗುಲಿದರೆ ಮೈ ಬೊಬ್ಬೆ ಏಳುತ್ತದೆ. ಕಳಲೆ ನಮಗೆಲ್ಲ ಪ್ರಿಯ. ಆದರೆ ಹಸಿ ಕಳಲೆಯಲ್ಲಿ ವಿಷಾಂಶವಿದೆ. ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿ, ಬೇಯಿಸಿದ ಮೇಲೆಯೇ ತಿನ್ನಬೇಕು. ಗುರುತಿಲ್ಲದ ಅಣಬೆಯನ್ನು ಮುಟ್ಟದಿರುವುದೇ ಲೇಸು.

ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ ಸಿಗುತ್ತದೆ. ಅಜ್ಜ ಹಗ್ಗದಲ್ಲಿ ಅಳೆದು ತೋರಿಸಿದಾಗ ಮಕ್ಕಳಿಗೆ ಬಹಳ ಸಂತೋಷವಾಯಿತು. ಆದರೆ ಹಬೆಯಾಡುವ ಲದ್ದಿ, ಆಗತಾನೆ ಮುರಿದ ಕೊಂಬೆ ಕಂಡರೆ ಅಳೆಯುತ್ತ ನಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಮುಂಜಾನೆ, ಮುಸ್ಸಂಜೆ ಒಂಟಿಯಾಗಿ ಹೋಗಬಾರದು.

ಎಲ್ಲ ಹಳೆಯ ತಿಳಿವಳಿಕೆಯೂ ಸರಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹಾವು ಕಚ್ಚಿದರೆ ಹಗ್ಗ ಬಿಗಿದು, ಗಾಯ ಕೊಯ್ದು ರಕ್ತ ಹರಿಸಬೇಕೆಂದು ಅಜ್ಜ ನಂಬಿದ್ದರು. ಇದು ಅಪಾಯಕರ. ಕಟ್ಟಬಾರದು, ಕೊಯ್ಯಬಾರದು, ಚೀಪಬಾರದು. ಕಚ್ಚಿದ ಅಂಗ ಅಲುಗದಂತೆ ದಬ್ಬೆ ಇಟ್ಟು, ರೋಗಿಯನ್ನು ನಡೆಸದೆ ಹೊತ್ತು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದೆ. ಹಾವನ್ನು ಹಿಡಿಯಲು ಹೊತ್ತು ಕಳೆಯಬೇಡಿ.

ಮಂಗನ ಕಾಯಿಲೆಯ ವಿಷಯವೂ ಹಾಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗವನ್ನು ಹರಡುವುದು ಉಣುಗು. ನಾವು ದರಗು ಗುಡಿಸುವ ಬೇಸಿಗೆಯ ತಿಂಗಳುಗಳೇ ಅದರ ಕಾಲ. ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು ಹೋಗಿ. ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು ಬಂದರೆ ತಡಮಾಡಬಾರದು.

ಇನ್ನೊಂದು ಮಾತು. ಕಾಡು ಕಲಿಯುವುದೆಂದರೆ ಬೇಟೆ ಕಲಿಯುವುದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ.

ಆ ಅಜ್ಜ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಜೇನು ಹುಳುವಿನ ಹಾರಾಟ ನೋಡಿ ಗೂಡಿನ ದಿಕ್ಕು ಹೇಳುತ್ತಿದ್ದರು; ಅದನ್ನು ಯಾರೂ ಕೇಳಿ ಕಲಿಯಲಿಲ್ಲ. ಮುಂದಿನ ಚಳಿಗಾಲಕ್ಕೆ ಎಂದುಕೊಂಡಿದ್ದೆವು.

ನಿಮ್ಮ ಊರಿನಲ್ಲಿಯೂ ಇಂತಹ ಹಿರಿಯರು ಒಬ್ಬಿಬ್ಬರಾದರೂ ಇದ್ದಾರು. ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಒಂದು ಭಾನುವಾರ ಅವರಿಗೆ ಪೂರ್ತಿ ದಿನದ ಕೂಲಿ ಕೊಟ್ಟು, ಊಟ ಕಟ್ಟಿಕೊಟ್ಟು, ಮಕ್ಕಳನ್ನು ಜೊತೆಗೆ ಕಳುಹಿಸಿರಿ. ಸಾಧ್ಯವಾದರೆ ನೀವೂ ಹೋಗಿರಿ. ನಮ್ಮಲ್ಲಿ ಅನೇಕರಿಗೂ ತೋಟದ ಬೇಲಿಯಾಚೆಯ ದಾರಿ ಮರೆತಿದೆ.